ಇಬ್ಬರಲ್ಲಿ ಒಬ್ಬ

2019ರ ನವೆಂಬರ್ 2, ಶನಿವಾರ. ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಅವೆನ್ಯೂ ತುಂಬ ಕೆಂಪು ಟೋಪಿ, ಕೆಂಪು ಅಂಗಿ. 1924ರ ನಂತರ ಈ ಊರಿನ ಬೇಸ್‌ಬಾಲ್ ತಂಡ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಫೈನಲ್ ಸರಣಿ, ಗೆದ್ದದ್ದು ಅದೇ ಮೊದಲು. ಮೂರು ದಿನಗಳ ಹಿಂದೆ ಹ್ಯೂಸ್ಟನ್ನಿನಲ್ಲಿ ಟ್ರೋಫಿ ಎತ್ತಿದ್ದ ನ್ಯಾಷನಲ್ಸ್ ಆಟಗಾರರು ತೆರೆದ ಬಸ್ಸುಗಳ ಮೇಲೆ ನಿಂತು ಕೈಬೀಸುತ್ತ ಸಾಗಿದರು. ಅಂದೇ ಇನ್ನೊಂದು ಸುದ್ದಿಯೂ ಬಂತು. ಸರಣಿಶ್ರೇಷ್ಠ ಎನಿಸಿಕೊಂಡಿದ್ದ ಪಿಚರ್ (ಚೆಂಡು ಎಸೆಯುವವನು) ಸ್ಟೀಫನ್ ಸ್ಟ್ರಾಸ್‌ಬರ್ಗ್, ಒಪ್ಪಂದದಲ್ಲಿ ಇನ್ನೂ ಉಳಿದಿದ್ದ ನಾಲ್ಕು ವರ್ಷ ಮತ್ತು ಹತ್ತು ಕೋಟಿ ಡಾಲರನ್ನು ಬದಿಗಿಟ್ಟು ಫ್ರೀ ಏಜೆಂಟ್, ಅಂದರೆ ಯಾವ ತಂಡವನ್ನಾದರೂ ಸೇರಬಲ್ಲ ಸ್ವತಂತ್ರ ಆಟಗಾರ, ಆಗಿದ್ದ. ಹಾಗೆ ಹೊರಬರುವ ಹಕ್ಕನ್ನು ಅವನ ಒಪ್ಪಂದವೇ ಕೊಟ್ಟಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಥರ್ಡ್ ಬೇಸ್‌ನಲ್ಲಿ ಆಡುತ್ತಿದ್ದ ಆಂಥನಿ ರೆಂಡಾನ್‌ನ ಒಪ್ಪಂದವೂ ಮುಗಿದಿತ್ತು. ತಂಡಕ್ಕೆ ಕಪ್ ತಂದುಕೊಟ್ಟ ಇಬ್ಬರೂ ಒಂದೇ ವಾರದಲ್ಲಿ ಸಂತೆಗೆ ಬಂದು ನಿಂತಿದ್ದರು.

ನಾವು ಆಗ ಉತ್ತರ ವರ್ಜೀನಿಯಾದ ಹರ್ನ್‌ಡನ್ ಬಳಿ ವಾಸವಾಗಿದ್ದೆವು. ಬೇಸ್‌ಬಾಲ್ ವಿಷಯದಲ್ಲಿ ನನಗೆ ಇಬ್ಬರು ಜೊತೆಗಾರರು. ಒಬ್ಬರು ಪಕ್ಕದ ಮನೆಯ ನಿವೃತ್ತ ಅಂಚೆ ನೌಕರರು. ಹುಟ್ಟಿ ಬೆಳೆದದ್ದೆಲ್ಲ ವಾಷಿಂಗ್ಟನ್ನಿನಲ್ಲೇ. ಇನ್ನೊಬ್ಬ ಹಾಸನದ ಕಡೆಯ ಗೆಳೆಯ. ಆಶ್‌ಬರ್ನ್‌ನ ಡೇಟಾ ಸೆಂಟರ್ ಒಂದರಲ್ಲಿ ಕೆಲಸ, ಮನಸ್ಸೆಲ್ಲ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ನನ್ನ ಜೊತೆ ಮೆಟ್ರೊ ಹತ್ತಿ ನೇವಿ ಯಾರ್ಡ್ ನಿಲ್ದಾಣದಲ್ಲಿ ಇಳಿದು ಪಂದ್ಯ ನೋಡುತ್ತ ನೋಡುತ್ತ ಅವನಿಗೂ ಹುಚ್ಚು ಹಿಡಿದಿತ್ತು. ಆ ಚಳಿಗಾಲವಿಡೀ ನಾವು ಮೂವರೂ ಮಾತಾಡಿದ್ದು ಒಂದೇ ವಿಷಯ: ಯಾರನ್ನು ಉಳಿಸಿಕೊಳ್ಳಬೇಕು? ಗೆದ್ದ ರಾತ್ರಿಯ ಸಂಭ್ರಮ ಒಂದು ವಾರವೂ ಬಾಳಲಿಲ್ಲ, ಈ ಚರ್ಚೆ ಮಾತ್ರ ಫೆಬ್ರುವರಿಯವರೆಗೆ ಎಳೆಯಿತು.

ಆ ವರ್ಷದ ಕಥೆಯನ್ನು ಆಟ ತಿಳಿಯದವರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಋತು ಆರಂಭವಾಗುವ ಮೊದಲೇ ತಂಡದ ಮುಖವೇ ಆಗಿದ್ದ ಬ್ರೈಸ್ ಹಾರ್ಪರ್ 13 ವರ್ಷಗಳಿಗೆ 33 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು ಫಿಲಡೆಲ್ಫಿಯಾಕ್ಕೆ ಹೋಗಿದ್ದ. ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ 50 ಪಂದ್ಯಗಳಲ್ಲಿ ಗೆಲುವು 19, ಸೋಲು 31. ಮ್ಯಾನೇಜರ್ ಡೇವ್ ಮಾರ್ಟಿನೆಸ್ ಅವರನ್ನು ಮನೆಗೆ ಕಳುಹಿಸಿ ಎಂಬ ಕೂಗು ಎದ್ದಿತ್ತು. ಆ ಹೊತ್ತಿನಲ್ಲೇ ಬಂದ ವೆನೆಜುವೆಲಾದ ಹೆರಾರ್ಡೊ ಪಾರಾ, ಬ್ಯಾಟಿಂಗ್‌ಗೆ ಬರುವಾಗ ತನ್ನ ಮಗುವಿಗೆ ಇಷ್ಟವಾದ ಶಾರ್ಕ್ ಮರಿಯ ಹಾಡನ್ನು ಹಾಕಿಸಿದ. ನಲವತ್ತು ಸಾವಿರ ಜನ, ಅದರಲ್ಲಿ ಸಂಸತ್ತಿನ ಸಿಬ್ಬಂದಿಯೂ ವಕೀಲರೂ ಇದ್ದರು, ಎರಡೂ ಕೈಗಳನ್ನು ಮೊಸಳೆ ಬಾಯಿಯಂತೆ ತೆರೆದು ಮುಚ್ಚಿ ಕುಣಿಯುವುದನ್ನು ನೋಡಬೇಕಿತ್ತು. ಋತು ಮುಗಿದಾಗ ಗೆಲುವುಗಳ ಸಂಖ್ಯೆ 93.

ಆಮೇಲೆ ನಡೆದದ್ದನ್ನು ಯಾರಾದರೂ ಕಟ್ಟಿ ಹೇಳಿದ್ದರೆ ನಂಬುತ್ತಿರಲಿಲ್ಲ. ಸೋತರೆ ಮನೆಗೆ ಎಂಬಂಥ ಪಂದ್ಯಗಳು ಐದು ಬಂದವು. ಐದರಲ್ಲೂ ನ್ಯಾಷನಲ್ಸ್ ಒಂದಲ್ಲ ಒಂದು ಹಂತದಲ್ಲಿ ಹಿಂದಿತ್ತು, ಐದನ್ನೂ ಗೆದ್ದಿತು. 106 ಪಂದ್ಯ ಗೆದ್ದು ಬಂದಿದ್ದ ಲಾಸ್ ಏಂಜಲೀಸ್ ಡಾಡ್ಜರ್ಸ್ ವಿರುದ್ಧ ನಿರ್ಣಾಯಕ ಪಂದ್ಯದ ಎಂಟನೆಯ ಇನ್ನಿಂಗ್ಸಿನಲ್ಲಿ ರೆಂಡಾನ್ ಮತ್ತು ಹ್ವಾನ್ ಸೋಟೊ ಒಬ್ಬರ ಹಿಂದೊಬ್ಬರು ಡಾಡ್ಜರ್ಸ್ ಪಿಚರ್ ಕ್ಲೇಟನ್ ಕರ್ಶಾಗೆ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂತೆ ಗಡಿಯಾಚೆಯ ಹೊಡೆತ) ಬಾರಿಸಿದರು. ಹತ್ತನೆಯದರಲ್ಲಿ ಹೌವಿ ಕೆಂಡ್ರಿಕ್ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಒಂದೇ ಏಟಿಗೆ ನಾಲ್ಕು ರನ್ ತರುವ ಹೋಮ್ ರನ್, ಹೊಡೆದ. ಫೈನಲ್ಲಿನಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಎದುರಾಳಿ. ಏಳು ಪಂದ್ಯಗಳಲ್ಲಿ ಏಳನ್ನೂ ಪರವೂರಿನ ತಂಡವೇ ಗೆದ್ದಿತು. ವರ್ಲ್ಡ್ ಸೀರೀಸ್ ಇತಿಹಾಸದಲ್ಲಿ ಅಂಥದ್ದು ಹಿಂದೆಂದೂ ನಡೆದಿರಲಿಲ್ಲ. ನಮ್ಮೂರಿನಲ್ಲಿ ಆಡಿದ ಮೂರರಲ್ಲೂ ನಾವು ಸೋತೆವು. ದುಬಾರಿ ಟಿಕೆಟ್ ಕೊಂಡು ಹೋದವರೆಲ್ಲ ಸೋಲನ್ನೇ ನೋಡಿ ಬಂದರು, ಟಿವಿಯ ಮುಂದೆ ಕುಳಿತ ನಮ್ಮಂಥವರಿಗೆ ಗೆಲುವು ದಕ್ಕಿತು.

ಆರನೆಯ ಪಂದ್ಯದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮುಂದಿನ ಜಗಳಕ್ಕೆಲ್ಲ ಬೇರು ಅಲ್ಲಿದೆ. ಮೊದಲ ಇನ್ನಿಂಗ್ಸಿನಲ್ಲೇ ಸ್ಟ್ರಾಸ್‌ಬರ್ಗ್ ಎರಡು ರನ್ ಬಿಟ್ಟುಕೊಟ್ಟ. ಪಿಚಿಂಗ್ ಕೋಚ್ ಪಾಲ್ ಮೆನ್‌ಹಾರ್ಟ್ ಬಂದು ಗುಟ್ಟು ರಟ್ಟಾಗುತ್ತಿದೆ ಎಂದು ಎಚ್ಚರಿಸಿದರು: ಗ್ಲವ್‌ನೊಳಗೆ ಚೆಂಡು ಹಿಡಿಯುವ ರೀತಿಯಿಂದಲೇ ಮುಂದಿನ ಚೆಂಡು ಯಾವುದೆಂದು ಬ್ಯಾಟರ್‌ಗೆ ಸುಳಿವು ಸಿಗುತ್ತಿತ್ತು. ಅಲ್ಲಿಂದ ಮುಂದೆ ಅವನು ಪ್ರತಿ ಚೆಂಡಿಗೂ ಮುನ್ನ ಗ್ಲವ್ ಅನ್ನು ಗಡಗಡ ಅಲ್ಲಾಡಿಸತೊಡಗಿದ. ಒಳಗೆ ಬೆರಳುಗಳು ಏನು ಮಾಡುತ್ತಿವೆ ಎಂಬುದು ಯಾರಿಗೂ ತಿಳಿಯದ ಹಾಗೆ. ಮುಖದಲ್ಲಿ ಎಂದಿನಂತೆ ಯಾವ ಭಾವವೂ ಇಲ್ಲ, ಗ್ಲವ್ ಮಾತ್ರ ನಡುಗುತ್ತಿದೆ. ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಒಬ್ಬನನ್ನು ಔಟ್ ಮಾಡಿ ಅವನು ಮೈದಾನ ಬಿಡುವವರೆಗೆ ಆಸ್ಟ್ರೋಸ್‌ಗೆ ಇನ್ನೊಂದು ರನ್ ಸಿಗಲಿಲ್ಲ. ಇಂದಿನ ಬೇಸ್‌ಬಾಲ್‌ನಲ್ಲಿ ಐದಾರು ಇನ್ನಿಂಗ್ಸ್ ಆದರೆ ಪಿಚರ್‌ನನ್ನು ಬದಲಿಸಿಬಿಡುತ್ತಾರೆ. ವರ್ಲ್ಡ್ ಸೀರೀಸ್‌ನಲ್ಲಿ ಒಬ್ಬನೇ ಎಂಟಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆಯುವುದು ಅಜ್ಜಂದಿರ ಕಾಲದ ಸಂಗತಿ.

ಏಳನೆಯ ಪಂದ್ಯದಲ್ಲಿ ಮ್ಯಾಕ್ಸ್ ಶರ್ಜರ್ ಎಸೆದ. ಮೂರು ದಿನ ಹಿಂದೆ ಕತ್ತು ಹಿಡಿದುಕೊಂಡು ಹಾಸಿಗೆಯಿಂದ ಏಳಲಾಗದೆ, ಬಟ್ಟೆ ಹಾಕಿಕೊಳ್ಳಲೂ ಹೆಂಡತಿಯ ನೆರವು ಬೇಕಾಗಿದ್ದ ಮನುಷ್ಯ. ಐದು ಇನ್ನಿಂಗ್ಸ್ ತಿಣುಕಾಡಿ ಎರಡೇ ರನ್ ಕೊಟ್ಟ. ಅತ್ತ ಹ್ಯೂಸ್ಟನ್ನಿನ ಝ್ಯಾಕ್ ಗ್ರಿಂಕಿ ನಮ್ಮವರನ್ನು ಆಟವಾಡಿಸುತ್ತಿದ್ದ. ಏಳನೆಯ ಇನ್ನಿಂಗ್ಸಿನಲ್ಲಿ ರೆಂಡಾನ್ ಹೋಮ್ ರನ್ ಹೊಡೆದು ಅಂತರವನ್ನು 2-1ಕ್ಕೆ ಇಳಿಸಿದ. ಆ ಮೇಲೆ ಸೋಟೊಗೆ ವಾಕ್ (ಗುರಿತಪ್ಪಿದ ನಾಲ್ಕು ಚೆಂಡುಗಳಿಂದ ಪುಕ್ಕಟೆಯಾಗಿ ಮೊದಲ ಬೇಸ್) ಸಿಕ್ಕಿತು. ಗ್ರಿಂಕಿ ಎಸೆದಿದ್ದದ್ದು 80 ಚೆಂಡು ಮಾತ್ರ, ಆದರೂ ಮ್ಯಾನೇಜರ್ ಅವನನ್ನು ಹೊರಗೆ ಕರೆದರು. ಬಂದವನು ವಿಲ್ ಹ್ಯಾರಿಸ್. ಅವನು ಎಸೆದ ಚೆಂಡಿನಲ್ಲಿ ದೋಷವಿರಲಿಲ್ಲ. ಹೊರಬದಿಗೆ, ಮೊಣಕಾಲಿನ ಎತ್ತರಕ್ಕೆ, ಹೇಗೆ ಬೀಳಬೇಕೋ ಹಾಗೆಯೇ ಬಿತ್ತು. ಮೂವತ್ತಾರು ವರ್ಷದ ಕೆಂಡ್ರಿಕ್ ಅದನ್ನು ಬಲಗಡೆಗೆ ತಳ್ಳಿದ. ಚೆಂಡು ಗಡಿಗಂಬದ ಹಳದಿ ಜಾಲರಿಗೆ ಬಡಿಯಿತು, ಹೋಮ್ ರನ್. ಇನ್ನೊಂದಿಷ್ಟು ಬಲಕ್ಕೆ ಸರಿದಿದ್ದರೆ ಫೌಲ್, ರನ್ ಇಲ್ಲ. ಪಂದ್ಯ ನಮ್ಮ ಕಡೆಗೆ ತಿರುಗಿತು, 6-2ಕ್ಕೆ ಮುಗಿಯಿತು. ರೆಂಡಾನ್ ಹ್ಯೂಸ್ಟನ್ನಿನವನು. ತನ್ನೂರಿನ ತಂಡವನ್ನು ತನ್ನೂರಿನಲ್ಲೇ ಸೋಲಿಸಿದ. ಹಾರ್ಪರ್ ಬಿಟ್ಟುಹೋದ ಮೊದಲ ವರ್ಷವೇ ಕಪ್ ಬಂದದ್ದರ ಬಗ್ಗೆ ಊರಿನಲ್ಲಿ ಹುಟ್ಟಿದ ಹಾಸ್ಯಗಳನ್ನೆಲ್ಲ ಬರೆಯಹೋದರೆ ಈ ಬರಹ ಮುಗಿಯುವುದಿಲ್ಲ.

ಇಷ್ಟು ಪೀಠಿಕೆ. ಈಗ ಚಳಿಗಾಲಕ್ಕೆ ಬರೋಣ.

ಹಾಸನದ ಗೆಳೆಯನಿಗೆ ಮೊದಲು ಅರ್ಥವಾಗದೆ ಹೋದದ್ದು ಫ್ರೀ ಏಜೆಂಟ್ ಪದ್ಧತಿ. ಐಪಿಎಲ್‌ನಲ್ಲಿ ಆಟಗಾರ ಹರಾಜಿಗೆ ಬರುತ್ತಾನೆ, ಯಾವ ತಂಡ ಹೆಚ್ಚು ಕೂಗುತ್ತದೆಯೋ ಆ ತಂಡಕ್ಕೆ ಹೋಗಬೇಕು. ಅವನ ಇಷ್ಟಾನಿಷ್ಟ ಯಾರೂ ಕೇಳುವುದಿಲ್ಲ. ಇಲ್ಲಿ ತಿರುಗುಮುರುಗು. ಮೇಜರ್ ಲೀಗ್‌ಗೆ ಬಂದ ಮೊದಲ ಆರು ವರ್ಷ ಆಟಗಾರ ತಂಡದ ಹಿಡಿತದಲ್ಲಿರುತ್ತಾನೆ. ಮೊದಲ ಮೂರು ವರ್ಷ ಕನಿಷ್ಠ ಸಂಬಳಕ್ಕಿಂತ ಅಷ್ಟೇನೂ ಹೆಚ್ಚು ಸಿಗುವುದಿಲ್ಲ, ಆಮೇಲೆ ಪಂಚಾಯಿತಿಯ (ಮಧ್ಯಸ್ಥರ ತೀರ್ಪಿನ) ಮೂಲಕ ಸ್ವಲ್ಪ ಏರುತ್ತದೆ. ಆರು ಮುಗಿದ ಮೇಲೆ ಸ್ವತಂತ್ರ. ಮೂವತ್ತೂ ತಂಡಗಳು ಅವನ ಮನೆ ಬಾಗಿಲಿಗೆ ಬರಬಹುದು, ಆರಿಸಿಕೊಳ್ಳುವವನು ಅವನು.

ಈ ಹಕ್ಕು ಪುಕ್ಕಟೆ ಬಂದದ್ದಲ್ಲ. 1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಆಟಗಾರನನ್ನು ಕೇಳದೆ ಹೇಳದೆ ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟಿತು. ನಾನು ಕೊಳ್ಳುವ ಮಾರುವ ಸೊತ್ತಲ್ಲ ಎಂದು ಅವನು ಪತ್ರ ಬರೆದು ನ್ಯಾಯಾಲಯಕ್ಕೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತ, ವೃತ್ತಿಯೂ ಮುಗಿಯಿತು. ಮೂರು ವರ್ಷಗಳ ನಂತರ ಪಂಚಾಯಿತಿದಾರ ಪೀಟರ್ ಸೈಟ್ಜ್ ಬೇರೆ ಇಬ್ಬರು ಪಿಚರ್‌ಗಳ ಪರವಾಗಿ ತೀರ್ಪು ಕೊಟ್ಟ ಮೇಲೆ ಬಾಗಿಲು ತೆರೆಯಿತು. ಹಾಗಾಗಿ ಒಬ್ಬ ಆಟಗಾರ ಹೆಚ್ಚು ಹಣ ಕೊಟ್ಟವರ ಕಡೆಗೆ ಹೋದಾಗ ದುರಾಸೆಯವನೆಂದು ಬೈಯುವವರ ಜೊತೆ ನಾನು ಸೇರುವುದಿಲ್ಲ. ಹೊಟ್ಟೆ ಉರಿಯುತ್ತದೆ, ಅದು ಬೇರೆ ಮಾತು.

ನೆರೆಮನೆಯವರು ಮೊದಲ ದಿನದಿಂದಲೂ ರೆಂಡಾನ್ ಪಕ್ಷ. ಅವರ ವಾದ ಸರಳ. ಪಿಚರ್ ಐದು ದಿನಕ್ಕೊಮ್ಮೆ ಆಡುತ್ತಾನೆ, ಬ್ಯಾಟರ್ ದಿನಾ ಆಡುತ್ತಾನೆ. ರೆಂಡಾನ್‌ಗೆ ಇಪ್ಪತ್ತೊಂಬತ್ತು ವರ್ಷ. ಆ ಋತುವಿನಲ್ಲಿ .319 ಸರಾಸರಿ, 34 ಹೋಮ್ ರನ್, 126 ಆರ್‌ಬಿಐ (ತನ್ನ ಹೊಡೆತಗಳಿಂದ ತಂಡಕ್ಕೆ ಬಂದ ರನ್). ಆರ್‌ಬಿಐಯಲ್ಲಿ ಇಡೀ ಮೇಜರ್ ಲೀಗ್‌ಗೇ ಮೊದಲಿಗ. ಕೂಗಾಟವಿಲ್ಲ, ಠೀವಿಯಿಲ್ಲ, ನಿದ್ದೆಗಣ್ಣಿನಲ್ಲಿ ಆಡುವವನ ಹಾಗೆ ಕಾಣುತ್ತಾನೆ, ಚೆಂಡು ಮಾತ್ರ ಗೋಡೆಯಾಚೆ ಬೀಳುತ್ತದೆ. ಇನ್ನು ಸ್ಟ್ರಾಸ್‌ಬರ್ಗ್‌ನ ಮೊಣಕೈ? ಅದು 2010ರಲ್ಲೇ ಒಮ್ಮೆ ಶಸ್ತ್ರಚಿಕಿತ್ಸೆ ಕಂಡದ್ದು. "ತೋಳಿಗೆ ಏಳು ವರ್ಷದ ಸಾಲ ಕೊಡುತ್ತಾರೆಯೇ?" ಎಂದು ಅವರು ಕೇಳುತ್ತಿದ್ದರು.

ಅವರ ಮಾತಿನಲ್ಲಿ ಹಳೆಯ ಗಾಯವೂ ಇತ್ತು. ವಾಷಿಂಗ್ಟನ್ ಎರಡು ಸಲ ತನ್ನ ತಂಡವನ್ನು ಕಳೆದುಕೊಂಡ ಊರು. ಮೊದಲ ಸೆನೆಟರ್ಸ್ ತಂಡ 1960ರ ನಂತರ ಮಿನೆಸೋಟಾಕ್ಕೆ ಹೋಯಿತು. ಅದರ ಜಾಗಕ್ಕೆ ಬಂದ ಎರಡನೆಯದು 1971ರ ನಂತರ ಟೆಕ್ಸಸ್‌ಗೆ. ಆ ಕೊನೆಯ ಪಂದ್ಯಕ್ಕೆ ಅಪ್ಪನ ಜೊತೆ ಹೋಗಿದ್ದ ಹುಡುಗ ಈ ನಮ್ಮ ನೆರೆಯವರು. ಸೆನೆಟರ್ಸ್ 7-5ರಿಂದ ಮುಂದಿದ್ದು ಇನ್ನೊಬ್ಬ ಔಟಾದರೆ ಗೆಲುವು ಎನ್ನುವಾಗ ಸಿಟ್ಟಿಗೆದ್ದ ಜನ ಮೈದಾನಕ್ಕೆ ನುಗ್ಗಿದರು, ಬೇಸ್‌ಗಳನ್ನು ಕಿತ್ತುಕೊಂಡು ಹೋದರು. ಪಂದ್ಯವನ್ನು ಎದುರಾಳಿ ಯಾಂಕೀಸ್‌ಗೆ ಬರೆದುಕೊಡಲಾಯಿತು. ಆಮೇಲೆ 2005ರಲ್ಲಿ ಮಾಂಟ್ರಿಯಲ್‌ನ ಎಕ್ಸ್‌ಪೋಸ್ ತಂಡ ಇಲ್ಲಿಗೆ ಬಂದು ನ್ಯಾಷನಲ್ಸ್ ಆಗುವವರೆಗೆ ಈ ಊರಿಗೆ ತಂಡವೇ ಇರಲಿಲ್ಲ. ಬಿಟ್ಟುಹೋಗುವುದು ಅವರಿಗೆ ಹೊಸದಲ್ಲ. ಆದ್ದರಿಂದಲೇ ಭಾವುಕರಾಗದೆ ಲೆಕ್ಕ ಹಾಕುತ್ತಿದ್ದರೇನೋ.

ನಾನು ಸ್ಟ್ರಾಸ್‌ಬರ್ಗ್ ಕಡೆ. ಕಾರಣ 2012. ಆ ವರ್ಷ ನ್ಯಾಷನಲ್ಸ್ 98 ಪಂದ್ಯ ಗೆದ್ದು ಮೊದಲ ಬಾರಿ ಪ್ಲೇಆಫ್‌ಗೆ ಬಂದಿತ್ತು. ಜನರಲ್ ಮ್ಯಾನೇಜರ್ ಮೈಕ್ ರಿಝೊ ಮಾತ್ರ ತಮ್ಮ ಅತ್ಯುತ್ತಮ ಪಿಚರ್‌ನನ್ನು ಸೆಪ್ಟೆಂಬರ್‌ನಲ್ಲೇ ಮನೆಯಲ್ಲಿ ಕೂರಿಸಿದರು. ಶಸ್ತ್ರಚಿಕಿತ್ಸೆಯಾದ ಮೊಣಕೈ, 160ರ ಹತ್ತಿರ ಇನ್ನಿಂಗ್ಸ್ ಆಯಿತು, ಸಾಕು ಎಂದರು. ಇಪ್ಪತ್ನಾಲ್ಕರ ಸ್ಟ್ರಾಸ್‌ಬರ್ಗ್ ಕುದಿಯುತ್ತ ಕುಳಿತ. ನಿರ್ಣಾಯಕ ಪಂದ್ಯದಲ್ಲಿ 6-0 ಮುಂದಿದ್ದ ತಂಡ ಕೊನೆಗೆ 9-7ರಿಂದ ಸೋತಿತು. ಅವನು ಆಡಿದ್ದರೆ ಎಂಬ ಮಾತು ಏಳು ವರ್ಷ ಊರಿನಲ್ಲಿ ಓಡಾಡಿತು. ಕಾಪಾಡಿಟ್ಟ ಆ ತೋಳು 2019ರ ಅಕ್ಟೋಬರ್‌ನಲ್ಲಿ ಐದು ಗೆಲುವು ತಂದಿತು, ಸೋಲು ಸೊನ್ನೆ. ಕಾಯ್ದದ್ದಕ್ಕೆ ಫಲ ಸಿಕ್ಕಿತು, ಈಗ ಕಾಯ್ದ ಮರವನ್ನು ಬೇರೆಯವರ ಹಿತ್ತಲಿಗೆ ಕೊಡುವುದೇ ಎಂಬುದು ನನ್ನ ವಾದ. ಜೊತೆಗೆ ಒಂದು ಭಯವೂ ಇತ್ತು: ಅವನು ಸ್ಯಾನ್ ಡಿಯೇಗೊದವನು, ಹುಟ್ಟೂರಿನ ತಂಡ ಕರೆದರೆ ಹೋಗಿಬಿಟ್ಟಾನು.

ಹಾಸನದವನದ್ದು ಧರ್ಮದ ಪಕ್ಷ. "ಅಲ್ಲ ಮಾರಾಯ, ಕಪ್ ತಂದುಕೊಟ್ಟವರನ್ನು ಬಿಡುವುದು ಎಂದರೇನು? ಇಬ್ಬರನ್ನೂ ಇಟ್ಟುಕೊಳ್ಳಲಿ. ದುಡ್ಡಿಗೇನು ಬರವೇ ಇವರಿಗೆ?" ಆ ವರ್ಷ ಅವನ ಆರ್‌ಸಿಬಿ ಐಪಿಎಲ್‌ನಲ್ಲಿ ಕಟ್ಟಕಡೆಯ ಸ್ಥಾನ ಪಡೆದಿತ್ತು. ನಾನು ಕಡ್ಡಿಯಾಡಿಸಿದರೆ, "ಗೆದ್ದ ತಂಡವನ್ನು ಒಡೆಯುವ ಭಾಗ್ಯವಾದರೂ ನಿಮಗೆ ಸಿಕ್ಕಿತಲ್ಲ, ನಮಗೆ ಅದೂ ಇಲ್ಲ" ಎನ್ನುತ್ತಿದ್ದ.

ದುಡ್ಡಿನ ವಿಷಯದಲ್ಲಿ ಅವನು ಹೇಳಿದ್ದರಲ್ಲಿ ಸತ್ಯವಿತ್ತು. ತಂಡದ ಒಡೆಯರಾದ ಲರ್ನರ್ ಕುಟುಂಬ ರಿಯಲ್ ಎಸ್ಟೇಟ್ ಕುಬೇರರು. ಡಿಸೆಂಬರ್ ಆರಂಭದಲ್ಲಿ ಮಾರ್ಕ್ ಲರ್ನರ್ ಟಿವಿ ಸಂದರ್ಶನದಲ್ಲಿ, ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುವ ಶಕ್ತಿ ನಮಗಿದೆ ಎಂಬರ್ಥದ ಮಾತಾಡಿದರು. ಊರಿಗೆ ಊರೇ ಉರಿದುಬಿತ್ತು. ವರ್ಲ್ಡ್ ಸೀರೀಸ್ ಗೆದ್ದು ತಿಂಗಳು ಕಳೆಯುವಷ್ಟರಲ್ಲಿ ಬಡತನದ ಮಾತು! ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಮೇಲ್ಮಿತಿ ಇಲ್ಲ. ಮುಂದಿನ ವರ್ಷಕ್ಕೆ 20.8 ಕೋಟಿ ಡಾಲರ್ ಮೀರಿದ ಮೊತ್ತಕ್ಕೆ ತೆರಿಗೆ ಕಟ್ಟಬೇಕಿತ್ತು, ಸತತವಾಗಿ ಮೀರಿದರೆ ದರ 20ರಿಂದ 30ಕ್ಕೆ, ಅಲ್ಲಿಂದ 50 ಪ್ರತಿಶತಕ್ಕೆ ಏರುತ್ತಿತ್ತು, ಅಷ್ಟೇ. ಅದು ಗೋಡೆಯಲ್ಲ. ದಾಟಲು ಮನಸ್ಸಿಲ್ಲದವರು ಮಾತ್ರ ಅದನ್ನು ಗೋಡೆ ಎಂದು ಕರೆಯುತ್ತಾರೆ. ಇನ್ನೊಂದು ಹಳೆಯ ಚಾಳಿಯೂ ಈ ಒಡೆಯರಿಗಿತ್ತು: ಸಂಬಳದ ಒಂದು ಭಾಗವನ್ನು ವರ್ಷಗಟ್ಟಲೆ ತಡವಾಗಿ ಕೊಡುವುದು. ಶರ್ಜರ್‌ನ 21 ಕೋಟಿಯಲ್ಲಿ ಅರ್ಧ ಅವನು ತಂಡ ಬಿಟ್ಟ ಮೇಲೂ ಕಂತಿನಲ್ಲಿ ಸಂದಾಯವಾಗುವಂಥದ್ದು. ರೆಂಡಾನ್‌ಗೆ ಅಂಥ ಕಂತು ಬೇಕಿರಲಿಲ್ಲ.

ನನ್ನ ಮಗಳು ಆಗ ಚಿಕ್ಕವಳು. ಅವಳಿಗೆ ಈ ಇಬ್ಬರೂ ಬೇಡ. ಶಾರ್ಕ್ ಅಂಕಲ್ ಉಳಿಯುತ್ತಾನೋ ಇಲ್ಲವೋ ಎಂಬುದೊಂದೇ ಚಿಂತೆ. ಪಾರಾ ಜಪಾನಿನ ಯೊಮಿಯೂರಿ ಜೈಂಟ್ಸ್ ಸೇರಿದ ಸುದ್ದಿಯನ್ನು ಅವಳಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಜಪಾನಿನ ಮಕ್ಕಳಿಗೂ ಆ ಹಾಡು ಗೊತ್ತೇ ಎಂದು ಕೇಳಿದಳು, ಗೊತ್ತು ಎಂದೆ. ಅವಳ ಚಳಿಗಾಲದ ಮಾರುಕಟ್ಟೆ ಅಲ್ಲಿಗೆ ಮುಗಿಯಿತು.

ನಮ್ಮದು ಮುಗಿದದ್ದು ಡಿಸೆಂಬರ್ ಎರಡನೆಯ ವಾರ, ಸ್ಯಾನ್ ಡಿಯೇಗೊದಲ್ಲಿ. ಪ್ರತಿ ವರ್ಷ ಎಲ್ಲ ತಂಡಗಳ ಆಡಳಿತದವರೂ ಏಜೆಂಟರೂ ಒಂದು ಹೋಟೆಲಿನಲ್ಲಿ ಸೇರಿ ವ್ಯಾಪಾರ ಕುದುರಿಸುವ ಸಭೆ ಅದು. 9ರಂದು ಸ್ಟ್ರಾಸ್‌ಬರ್ಗ್ ಏಳು ವರ್ಷಕ್ಕೆ 24.5 ಕೋಟಿ ಡಾಲರಿಗೆ ನ್ಯಾಷನಲ್ಸ್‌ಗೇ ಮರಳಿದ. ಆ ದಿನದ ಮಟ್ಟಿಗೆ ಅದು ಯಾವುದೇ ಪಿಚರ್‌ಗೆ ಸಿಕ್ಕ ಅತಿ ದೊಡ್ಡ ಒಪ್ಪಂದ. ಮಾರನೆಯ ದಿನವೇ ಗೆರಿಟ್ ಕೋಲ್‌ಗೆ ಯಾಂಕೀಸ್ 32.4 ಕೋಟಿ ಕೊಟ್ಟು ಆ ದಾಖಲೆಯನ್ನು ಅಳಿಸಿತು. 11ರಂದು ರೆಂಡಾನ್ ಲಾಸ್ ಏಂಜಲೀಸ್ ಏಂಜಲ್ಸ್ ಸೇರಿದ. ಅದೂ ಏಳೇ ವರ್ಷ, 24.5 ಕೋಟಿಯೇ. ಮೂವರಿಗೂ ಏಜೆಂಟ್ ಸ್ಕಾಟ್ ಬೋರಸ್ ಒಬ್ಬರೇ. ತಕ್ಕಡಿಯಲ್ಲಿ ತೂಗಿ ಕೊಟ್ಟ ಹಾಗೆ ಇಬ್ಬರಿಗೂ ಒಂದೇ ಬೆಲೆ ಬಿದ್ದದ್ದು ನೋಡಿ ನಮ್ಮ ಜಗಳಕ್ಕೆ ಇನ್ನಷ್ಟು ಖಾರ ಬಂತು. ನೆರೆಯವರು ಎರಡು ದಿನ ನನ್ನ ಜೊತೆ ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲ.

ಉಳಿದವರು ಸದ್ದಿಲ್ಲದೆ ಬಂದರು. ಕೆಂಡ್ರಿಕ್ ಒಂದು ವರ್ಷಕ್ಕೆ ಮರಳಿದ. ತಂಡ ವಾಷಿಂಗ್ಟನ್ನಿಗೆ ಬಂದ ವರ್ಷ ಮೊದಲ ಸುತ್ತಿನಲ್ಲಿ ಆಯ್ಕೆಯಾಗಿದ್ದ ರಯನ್ ಝಿಮ್ಮರ್‌ಮನ್‌ಗೆ 1.8 ಕೋಟಿ ಕೊಡುವ ಆಯ್ಕೆಯನ್ನು ತಂಡ ಕೈಬಿಟ್ಟಿತು; ಅವನು 20 ಲಕ್ಷಕ್ಕೆ ಒಪ್ಪಿಕೊಂಡು ಉಳಿದ. ಹಾಸನದವನು ಅವನನ್ನು ನಮ್ಮ ಕೊಹ್ಲಿ ಎಂದು ಕರೆಯುತ್ತಿದ್ದ, ಒಂದೇ ತಂಡಕ್ಕೆ ಅಂಟಿಕೊಂಡದ್ದಕ್ಕೆ. ಜನವರಿಯಲ್ಲಿ ಇನ್ನೊಂದು ತಮಾಷೆ ನಡೆಯಿತು. ಬುಲ್‌ಪೆನ್ (ಪಂದ್ಯದ ನಡುವೆ ಇಳಿಯುವ ಬದಲಿ ಪಿಚರ್‌ಗಳ ಪಡೆ) ಬಲಪಡಿಸಲು ತಂಡ ಮೂರು ವರ್ಷಕ್ಕೆ 2.4 ಕೋಟಿ ಕೊಟ್ಟು ಒಬ್ಬ ಪಿಚರ್‌ನನ್ನು ಕೊಂಡಿತು. ಅವನು ವಿಲ್ ಹ್ಯಾರಿಸ್! ಹಳದಿ ಕಂಬಕ್ಕೆ ಬಡಿದ ಆ ಚೆಂಡನ್ನು ಎಸೆದವನು ಈಗ ಕೆಂಡ್ರಿಕ್‌ನ ಜೊತೆ ಒಂದೇ ಡ್ರೆಸಿಂಗ್ ಕೋಣೆಯಲ್ಲಿ. ಮೊದಲ ದಿನ ಅವರಿಬ್ಬರೂ ಏನು ಮಾತಾಡಿಕೊಂಡಿರಬಹುದು ಎಂದು ಊಹಿಸುವುದರಲ್ಲಿ ನಾವು ಮೂವರೂ ಒಂದು ಇಡೀ ಸಂಜೆ ಕಳೆದೆವು.

ಬಾವುಟ ಹಾರಿಸಿ, ಗೆದ್ದವರಿಗೆ ಉಂಗುರ ಹಂಚಿ, ಹಳೆಯದನ್ನೆಲ್ಲ ಮತ್ತೊಮ್ಮೆ ಮೆಲುಕು ಹಾಕಬೇಕಿದ್ದ ವಸಂತ ಬರಲೇ ಇಲ್ಲ. ಕೊರೊನಾ ಬಂತು. 2020ರ ಜುಲೈ 23ರಂದು ಖಾಲಿ ಕ್ರೀಡಾಂಗಣದಲ್ಲಿ ಸೋಂಕುರೋಗ ತಜ್ಞ ಡಾ. ಆಂಥನಿ ಫೌಚಿ ಎಸೆದ ಮೊದಲ ಚೆಂಡಿನಿಂದ ಚಾಂಪಿಯನ್ನರ ಋತು ಆರಂಭವಾಯಿತು. ಅಂದೇ ಸೋಟೊಗೆ ಸೋಂಕು ಎಂಬ ವರದಿ. ಅಮ್ಮನ ಆರೋಗ್ಯದ ಕಾಳಜಿಯಿಂದ ಝಿಮ್ಮರ್‌ಮನ್ ಆ ವರ್ಷ ಆಡಲಿಲ್ಲ. 60 ಪಂದ್ಯಗಳಲ್ಲಿ ಗೆದ್ದದ್ದು 26.

ಇನ್ನು ಆ ಇಬ್ಬರ ಕಥೆ. ಸ್ಟ್ರಾಸ್‌ಬರ್ಗ್ 2020ರಲ್ಲಿ ಎರಡು ಪಂದ್ಯ ಆಡಿದ, ಕೈ ಮರಗಟ್ಟಿತು. 2021ರಲ್ಲಿ ಐದು. ಆಮೇಲೆ ವೈದ್ಯರು ಕಂಡುಹಿಡಿದದ್ದು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್: ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವಿನ ಇಕ್ಕಟ್ಟಿನಲ್ಲಿ ತೋಳಿಗೆ ಹೋಗುವ ನರಗಳು ಸಿಕ್ಕಿಕೊಳ್ಳುವ ತೊಂದರೆ. ಒಂದು ಪಕ್ಕೆಲುಬನ್ನೇ ತೆಗೆದರು. 2022ರ ಜೂನ್‌ನಲ್ಲಿ ಒಂದೇ ಒಂದು ಪಂದ್ಯಕ್ಕೆ ಮರಳಿದ, ಅದೇ ಕೊನೆ. ಹೆಚ್ಚು ಹೊತ್ತು ನಿಂತರೂ ಕೈ ಜೋಮು ಹಿಡಿಯುತ್ತದೆ ಎಂದು ಆತ ಹೇಳಿಕೊಂಡದ್ದನ್ನು ಓದಿದಾಗ ಆರನೆಯ ಪಂದ್ಯದ ಆ ಅಲ್ಲಾಡುವ ಗ್ಲವ್ ಕಣ್ಣಮುಂದೆ ಬಂತು. ಹೊಸ ಒಪ್ಪಂದದಡಿ ಒಟ್ಟು ಎಂಟು ಪಂದ್ಯ, ಒಂದು ಗೆಲುವು. ನಿವೃತ್ತಿಯ ಗೌರವ ಸಮಾರಂಭವೂ ಹಣದ ತಗಾದೆಯಲ್ಲಿ ರದ್ದಾಗಿ, 2024ರ ಏಪ್ರಿಲ್‌ನಲ್ಲಿ ಕಾಗದದ ಮೇಲೆ ಮುಗಿಯಿತು.

ಹಾಗಾದರೆ ನೆರೆಯವರು ಗೆದ್ದರೇ? ಇಲ್ಲ. ದಿನಾ ಆಡುತ್ತಾನೆ ಎಂದು ಅವರು ಹೊಗಳಿದ್ದ ರೆಂಡಾನ್, ಏಂಜಲ್ಸ್ ಪರ ಯಾವ ಋತುವಿನಲ್ಲೂ 58ಕ್ಕಿಂತ ಹೆಚ್ಚು ಪಂದ್ಯ ಆಡಲಿಲ್ಲ. ತೊಡೆಸಂದು, ಮಣಿಕಟ್ಟು, ಮೊಣಗಂಟಿನ ಕೆಳಗಿನ ಎಲುಬು, ಸೊಂಟ, ಒಂದಾದ ಮೇಲೊಂದು. 2025ರಲ್ಲಿ ಒಂದು ಪಂದ್ಯವೂ ಇಲ್ಲ. ಬೇಸ್‌ಬಾಲ್ ನನ್ನ ಮೊದಲ ಆದ್ಯತೆಯಲ್ಲ ಎಂದು ಅವನು ಬಾಯಿಬಿಟ್ಟು ಹೇಳಿ ಅಲ್ಲಿನ ಅಭಿಮಾನಿಗಳಿಂದ ಉಗಿಸಿಕೊಂಡದ್ದೂ ಆಯಿತು. ಇಬ್ಬರಲ್ಲಿ ಯಾರು ಎಂಬ ಪ್ರಶ್ನೆಗೆ ಇಬ್ಬರೂ ಅಲ್ಲ ಎಂಬ ಉತ್ತರ ಬಂತು. ಇಬ್ಬರಿಗೂ ಬೆನ್ನು ತಿರುಗಿಸಿದ್ದವನೊಬ್ಬನಿದ್ದಿದ್ದರೆ ಅವನನ್ನು ನಾವು ಮೂವರೂ ಸೇರಿ ಊರಿನಿಂದ ಓಡಿಸುತ್ತಿದ್ದೆವು.

ಆದರೂ ಸ್ಟ್ರಾಸ್‌ಬರ್ಗ್‌ಗೆ ಕೊಟ್ಟ ಹಣದ ಬಗ್ಗೆ ನನಗೆ ಬೇಸರವಿಲ್ಲ. ಲೆಕ್ಕದ ಪುಸ್ತಕದಲ್ಲಿ ಅದು ಮೇಜರ್ ಲೀಗ್‌ನ ಅತಿ ಕೆಟ್ಟ ಒಪ್ಪಂದಗಳಲ್ಲಿ ಒಂದು, ನಿಜ. ಆದರೆ ಆ ಲೆಕ್ಕ ಆರಂಭವಾಗುವುದು 2020ರಿಂದ. ಅಭಿಮಾನಿಯ ಖಾತೆ ಹಾಗಲ್ಲ. ಅದರಲ್ಲಿ ಮೊದಲು ಸೇವೆ, ಆಮೇಲೆ ಸಂಬಳ. 2010ರ ಜೂನ್‌ನಲ್ಲಿ ಮೊದಲ ಪಂದ್ಯದಲ್ಲೇ 14 ಬ್ಯಾಟರ್‌ಗಳನ್ನು ಚೆಂಡು ಹೊಡೆಯಗೊಡದೆ ಸ್ಟ್ರೈಕ್‌ಔಟ್ ಮಾಡಿದ ದಿನದಿಂದ ಹ್ಯೂಸ್ಟನ್ನಿನ ಆ ರಾತ್ರಿಯವರೆಗಿನದು ಕೊಡಬೇಕಾದ ಬಾಕಿ. ಹೊಸ ಒಪ್ಪಂದದಲ್ಲಿ ಸಂದಾಯವಾಯಿತು. ಬಹುಶಃ ಆ 2019ರ ಅಕ್ಟೋಬರ್‌ನಲ್ಲೇ, ಋತುವಿನಲ್ಲಿ ಎಸೆದಿದ್ದ 209 ಇನ್ನಿಂಗ್ಸ್‌ಗಳ ಮೇಲೆ ಇನ್ನಷ್ಟು ಎಸೆಯುವಾಗಲೇ, ತೋಳು ಖರ್ಚಾಗಿ ಹೋಯಿತೇನೋ. ಹಾಗಿದ್ದರೆ ಕಪ್ಪಿನ ಬೆಲೆಯೇ ಆ 24.5 ಕೋಟಿ.

ನನಗೆ ಸಂಕಟವಾಗುವುದು ಬೇರೆ ಕಡೆ. ಆ ಚಳಿಗಾಲದಲ್ಲಿ ಯಾರೂ ಮಾತಾಡದ ಹೆಸರೊಂದಿತ್ತು. ವರ್ಲ್ಡ್ ಸೀರೀಸ್ ನಡುವೆ ಇಪ್ಪತ್ತೊಂದು ತುಂಬಿದ ಸೋಟೊ. ಅವನು ಇನ್ನೂ ಐದು ವರ್ಷ ತಂಡದ ಹಿಡಿತದಲ್ಲಿದ್ದ, ಅಗ್ಗದ ಸಂಬಳ, ಚಿಂತೆಯೇ ಇಲ್ಲ ಎಂದು ಎಲ್ಲರ ಲೆಕ್ಕ. 2021ರ ಜುಲೈ ಕೊನೆಯಲ್ಲಿ ಶರ್ಜರ್ ಮತ್ತು ಟ್ರೇ ಟರ್ನರ್ ಒಟ್ಟಿಗೆ ಡಾಡ್ಜರ್ಸ್ ಪಾಲಾದರು. ಮರುವರ್ಷ ಸೋಟೊ 15 ವರ್ಷಕ್ಕೆ 44 ಕೋಟಿಯ ಪ್ರಸ್ತಾಪವನ್ನು ಬೇಡ ಎಂದ. ಆಗಸ್ಟ್ 2ರಂದು ಅವನನ್ನು ಸ್ಯಾನ್ ಡಿಯೇಗೊಗೆ ಕೊಟ್ಟುಬಿಟ್ಟರು. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಅವನಿಗೆ ಕೊಟ್ಟದ್ದು 76.5 ಕೋಟಿ. ಅವನಿಗೆ ಬದಲಾಗಿ ಬಂದ ಹುಡುಗರಲ್ಲಿ ಜೇಮ್ಸ್ ವುಡ್, ಸಿ.ಜೆ. ಏಬ್ರಮ್ಸ್, ಮೆಕೆಂಝಿ ಗೋರ್ ಮೂವರೂ ಆಲ್ ಸ್ಟಾರ್ (ವರ್ಷದ ತಾರಾ ಆಟಗಾರರ ಪಂದ್ಯಕ್ಕೆ ಆಯ್ಕೆಯಾದವರು) ಆದರು ಎಂದು ಸಮಾಧಾನ ಹೇಳುವವರಿದ್ದಾರೆ. ಹೇಳಲಿ. ವುಡ್ ಚೆಂಡು ಹೊಡೆಯುವಾಗ ನನಗೂ ಖುಷಿಯಾಗುತ್ತದೆ. ಆದರೂ 2025ರ ಜುಲೈನಲ್ಲಿ ರಿಝೊ ಮತ್ತು ಮಾರ್ಟಿನೆಸ್ ಇಬ್ಬರನ್ನೂ ಒಂದೇ ದಿನ ತೆಗೆದುಹಾಕಿದಾಗ, ಮೆರವಣಿಗೆಯ ಬಸ್ಸಿನಲ್ಲಿದ್ದ ಎಷ್ಟು ಜನರ ಹೆಸರನ್ನು ಈಗ ಎದುರು ತಂಡದ ಅಂಗಿಯಲ್ಲಿ ಓದಬೇಕಾಗಿದೆ ಎಂದು ನೆರೆಯವರಿಗೆ ಸಂದೇಶ ಕಳಿಸಿದೆ. ಅವರು ಉತ್ತರವಾಗಿ 1924ರ ಸೆನೆಟರ್ಸ್ ತಂಡದ ಫೋಟೊ ಕಳಿಸಿದರು, ಬೇರೇನೂ ಬರೆಯಲಿಲ್ಲ.

ಇದರ ನಡುವೆ ಹಾಸನದವನ ಬಾಳಿನಲ್ಲಿ ಒಂದು ದೊಡ್ಡ ಸಂಗತಿ ನಡೆಯಿತು. 2025ರ ಜೂನ್ 3ರಂದು ಆರ್‌ಸಿಬಿ ಕಡೆಗೂ ಕಪ್ ಗೆದ್ದಿತು. ಆ ರಾತ್ರಿ ಫೋನಿನಲ್ಲಿ ಅವನಿಗೆ ಮಾತೇ ಹೊರಡಲಿಲ್ಲ. ಮಾರನೆಯ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಆಮೇಲೆ ತಿಂಗಳುಗಟ್ಟಲೆ ಅವನು ಕ್ರಿಕೆಟ್ ಸುದ್ದಿ ಎತ್ತಲಿಲ್ಲ, ನಾನೂ ಕೆಣಕಲಿಲ್ಲ.

ನವೆಂಬರ್‌ನಲ್ಲಿ, ತಂಡಗಳು ಯಾರನ್ನು ಉಳಿಸಿಕೊಂಡವು, ಯಾರನ್ನು ಬಿಟ್ಟವು ಎಂಬ ಪಟ್ಟಿ ಬಂದ ದಿನ ಅವನೇ ಫೋನ್ ಮಾಡಿದ. ಲಿಯಾಮ್ ಲಿವಿಂಗ್‌ಸ್ಟನ್‌ನನ್ನು ಆರ್‌ಸಿಬಿ ಬಿಟ್ಟಿತ್ತು. "ಎಂಟೂಮುಕ್ಕಾಲು ಕೋಟಿ ಉಳಿಯಿತು. ಒಳ್ಳೆಯ ನಿರ್ಧಾರ" ಎಂದ, ಲೆಕ್ಕಿಗನ ದನಿಯಲ್ಲಿ.

"ಫೈನಲ್ಲಿನಲ್ಲಿ ಅವನು 25 ರನ್ ಹೊಡೆದಿದ್ದ. ನೀವು ಗೆದ್ದದ್ದು ಆರು ರನ್ನಿನಿಂದ" ಎಂದು ನೆನಪಿಸಿದೆ. "ಕಪ್ ತಂದುಕೊಟ್ಟವರನ್ನು ಬಿಡುವುದು ಎಂದರೇನು ಮಾರಾಯ?"

"ಅದು ಬೇರೆ, ಇದು ಬೇರೆ" ಎಂದವನೇ ಮುಂದಿನ ಹರಾಜಿನಲ್ಲಿ ಆ ಹಣಕ್ಕೆ ಯಾರು ಯಾರನ್ನು ಕೊಳ್ಳಬೇಕು ಎಂದು ಶುರುಮಾಡಿದ. ಫೋನ್ ಇಡುವಷ್ಟರಲ್ಲಿ ನಡುರಾತ್ರಿ ದಾಟಿತ್ತು.